ಹಸುರಾಗಿ ನಿಂತ ಕಳೆ

ತಜ್ಞರು ಹೇಳಿದ್ದು ಸರಿಯಾಗಿದ್ದೂ ಕೇಳಿದವರ ಉಪಯೋಗಕ್ಕೆ ಬಾರದೆ ಹೋಗುವುದುಂಟು. ಆಂಧ್ರದ ಅನಂತಪುರ ಜಿಲ್ಲೆಯ ಅನುಭವವನ್ನು ನೋಡೋಣ. ಅಲ್ಲಿಯ ಕಲ್ಯಾಣದುರ್ಗದ ಕಡೆಯ ಕುಂದುರ್ಪಿ ಕರ್ನಾಟಕದ ಗಡಿಗೆ ಸಮೀಪದ ಸೀಮೆ. ನಮ್ಮಲ್ಲಿಯಂತೆಯೇ ಅಲ್ಲಿಯೂ ಮನೆಮಾತು ಕನ್ನಡವಾದವರಿಗೆ ಸರಕಾರದ ಕಾಗದ ಬರುವುದು ಬೇರೊಂದು ಭಾಷೆಯಲ್ಲಿ. ಮಳೆ ಕಡಮೆಯ ಆ ಜಿಲ್ಲೆಯ ರೈತರು ನಂಬಿರುವುದು ನೆಲಗಡಲೆಯನ್ನು.

2000ದ ಮುಂಗಾರಿನಲ್ಲಿ ಜಿಲ್ಲೆಯ ಸುಮಾರು 2,25,000 ಹೆಕ್ಟೇರ್ ನೆಲಗಡಲೆಗೆ ರೋಗ ಬಡಿಯಿತು. ಎಳೆಗಿಡಗಳ ಕುಡಿ, ಕಾಂಡ ಕಪ್ಪಾಗಿ ಸತ್ತವು. ನಷ್ಟ 300 ಕೋಟಿ ರೂಪಾಯಿ ಮೀರಿತೆಂದು ಅಂದಾಜು. ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳೂ ಇತರರೂ ಪರೀಕ್ಷಿಸಿ, ಇದು ಟೊಬ್ಯಾಕೊ ಸ್ಟ್ರೀಕ್ ವೈರಸ್ ಎಂದು ಗುರುತಿಸಿದರು. ಹೆಸರು ಹೊಗೆಸೊಪ್ಪಿನದು, ರೋಗ ನೆಲಗಡಲೆಗೆ, ಮೂಲ ಪಾರ್ಥೇನಿಯಂ ಕಳೆಯಲ್ಲಿ! ರೈತನು ಯಾವುದನ್ನು ಹಿಡಿಯಬೇಕು?

ವೈರಸ್ ಇದ್ದರೂ ಪಾರ್ಥೇನಿಯಂ ಹಸುರಾಗಿಯೇ ನಿಂತಿರುತ್ತದೆ. ಅದರ ಹೂವಿನ ಪರಾಗ ಥ್ರಿಪ್ಸ್ ಎಂಬ ಕಂಡೂ ಕಾಣದಂತಹ ಹುಳುವಿನ ಮೈಗಂಟಿ ನೆಲಗಡಲೆಯ ಎಲೆಗೆ ಬರುತ್ತದೆ. ಹುಳು ಕೆರೆದ ಗಾಯದಲ್ಲಿ ವೈರಸ್ ಒಳಸೇರುತ್ತದೆ. ನೆಲಗಡಲೆಯಿಂದ ನೆಲಗಡಲೆಗೆ ಅದು ಹೀಗೆ ಹರಡುವುದಿಲ್ಲ. ಆದುದರಿಂದ ಕಾಯಿಲೆ ಬಿದ್ದ ಗಿಡವನ್ನು ಕಿತ್ತು ಫಲವಿಲ್ಲ. ಬದುವಿನಲ್ಲಿ ಸೊಂಪಾಗಿರುವ ಕಳೆಯನ್ನು ಹೂ ಬಿಡುವ ಮೊದಲೇ ಕೀಳಬೇಕು, ಹೊಲದ ಸುತ್ತ ಜೋಳವನ್ನೋ ಸಜ್ಜೆಯನ್ನೋ ಬೇಲಿಯಂತೆ ಬಿತ್ತಬೇಕು. ಕಣ್ಣಿಗೆ ಕಂಡದ್ದಕ್ಕೆ ತೀರ ವಿರುದ್ಧವಾದ ಮಾತಿದು. ಬರಿಯ 'ವೈರಸ್', 'ಥ್ರಿಪ್ಸ್' ಎಂದು ಹೇಳಿ ಬಿಟ್ಟರೆ ರೈತ ನೇರವಾಗಿ ಔಷಧದ ಅಂಗಡಿಗೆ ಹೋಗುತ್ತಾನೆ. ಗಿಡದೊಳಗೆ ಸೇರಿದ ವೈರಸ್ಸಿಗೆ ಅಂಗಡಿಯಲ್ಲಿ ಮದ್ದಿಲ್ಲ, ಸಾಲವೊಂದು ಹೆಚ್ಚಾಗುತ್ತದೆ.

ಆ ಕಳೆಗೆ ತೆಲುಗಿನಲ್ಲಿ 'ವಯ್ಯಾರಿ ಭಾಮ' ಎಂದು ಹೆಸರು; ಕನ್ನಡದಲ್ಲಿ 'ಕಾಂಗ್ರೆಸ್ ಗಿಡ'. (ರಾಜಕೀಯದವರು ಮುನಿಯಬಾರದು, ಹೆಸರಿಟ್ಟವರು ನಾವಲ್ಲ.) 'ಈ ಗಿಡದ ಹೂವಿನ ಪುಡಿಯೇ ನಿಮ್ಮ ಕಡಲೆಗೆ ರೋಗ ತರುವುದು' ಎಂದರೆ ಎರಡೂ ಭಾಷೆಯವರಿಗೆ ತಿಳಿಯುತ್ತದೆ. ಇದರಿಂದ ವಿಜ್ಞಾನಕ್ಕೇನೂ ಊನವಾಗದು.

ದೂರದ ಊರಿನ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಎಂಡೋಸಲ್ಫಾನ್ ಕುರಿತು ಕೆಲವು ಸಮಿತಿಗಳು 'ಸಂಬಂಧ ಸಾಬೀತಾಗಿಲ್ಲ' ಎಂದಾಗ ನಮ್ಮ ಕಿವಿಗೆ ಬಿದ್ದದ್ದು 'ಸಂಬಂಧವೇ ಇಲ್ಲ' ಎಂದು. ಇವೆರಡರ ನಡುವಿನ ಅಂತರವನ್ನು ಪಡ್ರೆಯ ಜನಕ್ಕೆ ಅಂಗಳದಲ್ಲಿ ಕುಳಿತು ತಿಳಿಸಿ ಹೇಳಬೇಕಿತ್ತು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ.

ಈಗ ಅಡಿಕೆಯ ಎಲೆಚುಕ್ಕಿ ರೋಗದ ಚಿಂತೆ. ಈ ಕುರಿತ ಸಭೆಗಳಲ್ಲಿ ವೇದಿಕೆಯ ಮೇಲಿನವರು ಭಾಷಣಕ್ಕೆ ಮೊದಲು ಎದುರು ಕುಳಿತ ಕೃಷಿಕರನ್ನು ಒಂದು ಮಾತು ಕೇಳಲಿ: ನಿಮ್ಮ ತೋಟದಲ್ಲಿ ಮೊದಲು ಕಂಡದ್ದೇನು, ಅದನ್ನು ನೀವು ಏನೆಂದು ಕರೆಯುತ್ತೀರಿ?