ಕರಾರಿನಲ್ಲಿ ಇಲ್ಲದವರು

1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಟಿಪ್ಪು ಸುಲ್ತಾನನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಕರಾರಾಯಿತು. ಗೆದ್ದ ನೆಲವನ್ನು ಇಬ್ಬರೂ ಬಿಟ್ಟುಕೊಡಬೇಕು, ಸೆರೆಯಾಳುಗಳನ್ನು ಬಿಡುಗಡೆ ಮಾಡಬೇಕು. ಅಲ್ಲಿಗೆ ಲೆಕ್ಕ ಚುಕ್ತಾ. 240 ವರ್ಷ ದಾಟಿದ ಮೇಲೆ ಕುಂದಾಪುರದಲ್ಲಿ ನಿಂತು ಹಿಂತಿರುಗಿ ನೋಡಿದರೆ, ಆ ಲೆಕ್ಕದಲ್ಲಿ ನಮ್ಮ ಕರಾವಳಿಯವರ ಬಾಬತ್ತೇ ಬಿಟ್ಟುಹೋಗಿದೆ.

ಆ ಕರಾರು ಮುಗಿಸಿದ ಯುದ್ಧ ನಮ್ಮ ಬಾಗಿಲಿಗೆ ಬಂದದ್ದು 1783ರ ಜನವರಿಯಲ್ಲಿ. ಕಂಪನಿಯ ಜನರಲ್ ಮ್ಯಾಥ್ಯೂಸ್‌ನ ಬೊಂಬಾಯಿ ಸೈನ್ಯ ಕುಂದಾಪುರವನ್ನು ಹಿಡಿದು, ಹೊಸಂಗಡಿ ಘಾಟಿ ಹತ್ತಿ ಬಿದನೂರಿಗೆ ನುಗ್ಗಿತು. ಏಪ್ರಿಲ್‌ನಲ್ಲಿ ಟಿಪ್ಪು ಬಿದನೂರನ್ನು ಮರಳಿ ಪಡೆದಾಗ ಘಾಟಿಯ ಬುಡದಲ್ಲಿದ್ದ ಕಂಪನಿ ಪಡೆ ಗಾಬರಿಬಿದ್ದು ಓಡಿತು. ಕುಂದಾಪುರದ ದಾಸ್ತಾನಿಗೆ ಬೆಂಕಿ ಬಿತ್ತು. ನಾಲ್ಕೇ ತಿಂಗಳಲ್ಲಿ ಊರಿನ ಒಡೆತನ ಎರಡು ಸಲ ಕೈ ಬದಲಾಯಿತು. ಘಾಟಿ ಇಳಿದು ಬರುವ ಎತ್ತಿನ ಹೇರು, ಅಳಿವೆ ದಾಟುವ ದೋಣಿ, ಇವನ್ನೇ ನಂಬಿದ್ದ ಊರು ಅದು.

ಮೇ 20ರಂದು, ಕಂಪನಿಯ ಕೈಯಲ್ಲಿದ್ದ ಮಂಗಳೂರು ಕೋಟೆಗೆ ಟಿಪ್ಪುವಿನ ಮುತ್ತಿಗೆ ಬಿತ್ತು. ಕರಾವಳಿಯ ಒಕ್ಕಲು ಬಿತ್ತನೆ ಭತ್ತ ಹೊರತೆಗೆದು ಮುಗಿಲು ನೋಡುವ ದಿನಗಳವು. ಆಗಸ್ಟ್ 2ರ ಕದನವಿರಾಮದಲ್ಲಿ, ಒಳಗಿದ್ದ ಕರ್ನಲ್ ಕ್ಯಾಂಪ್‌ಬೆಲ್‌ನ ಪಡೆ ಬಜಾರಿನಲ್ಲಿ ದಿನಸಿ ಕೊಳ್ಳಬಹುದೆಂಬ ಮಾತಾಯಿತು. ಆ ಮಾತು ನಡೆಯಲಿಲ್ಲ. ನವೆಂಬರ್‌ನಲ್ಲಿ ಆ ಪಡೆಯ ನೆರವಿಗೆಂದು ಹಡಗುಗಳೊಡನೆ ಬಂದ ಜನರಲ್ ಮ್ಯಾಕ್ಲಿಯಾಡ್ ಚೌಕಾಸಿ ಮಾಡಿ ಹೊರಟುಹೋದ. ಅವನು ಬಿಟ್ಟುಹೋದ ಉಪ್ಪುಮಾಂಸ ಕೊಳೆತಿತ್ತು. ಕೊನೆಗೆ ಬಂದೂಕನ್ನು ಹೆಗಲಿಗೇರಿಸುವಾಗಲೇ ಸಿಪಾಯಿಗಳು ಕುಸಿದು ಬೀಳುವಂತಾಯಿತು. ಜನವರಿ 30ರಂದು ಕೋಟೆ ಶರಣಾಯಿತು. ಸಂಧಾನಕ್ಕೆಂದು ಮದರಾಸಿನಿಂದ ಹೊರಟಿದ್ದ ಸ್ಯಾಡ್ಲಿಯರ್, ಸ್ಟಾಂಟನ್, ಹಡಲ್‌ಸ್ಟನ್ ಆಗಿನ್ನೂ ದಾರಿಯಲ್ಲೇ ಇದ್ದರು.

ಕೋಟೆಯೊಳಗಿನ ಹಸಿವನ್ನು ಬರೆದಿಡಲು ಅಧಿಕಾರಿಗಳಿದ್ದರು. ಹೊರಗೆ ಎರಡೂ ಸೈನ್ಯಗಳ ಹೊಟ್ಟೆ ತುಂಬಿಸಿದ ಹಳ್ಳಿಗಳಿಗೆ ಅಂಥವರಾರೂ ಇರಲಿಲ್ಲ. ಕರಾರಿಗೆ ಸಹಿ ಬೀಳಲು 16 ದಿನವಿರುವಾಗ, ಫೆಬ್ರುವರಿ 24ರಂದು, ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊರಿಸಿ, ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಮಕ್ಕಳು ಮುದುಕರೆನ್ನದೆ ಘಾಟಿ ಹತ್ತಿದರು. ಅವರೆಷ್ಟು ಜನ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಅವರಲ್ಲಿ ಉಳಿದವರಿಗೆ ಊರಿನ ದಾರಿ ತೆರೆದದ್ದು 1799ರಲ್ಲಿ, ಟಿಪ್ಪು ಸತ್ತ ಮೇಲೆ. ಆರ್ಕಾಟಿನ ಸೀಮೆಯಿಂದ ಮೈಸೂರಿನವರು ಒಯ್ದಿದ್ದ ಜನರನ್ನು ಹಿಂದೆ ಕಳಿಸಬೇಕೆಂದು ಕಂಪನಿ ಕರಾರಿನಲ್ಲಿ ಬರೆಸಿತ್ತು. ತನ್ನ ದಂಡಯಾತ್ರೆಯಿಂದಲೇ ಸಂಶಯಕ್ಕೆ ಗುರಿಯಾದ ಈ ಜನರನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ. ಇದು ಮರೆವಲ್ಲ, ಕೈಬಿಟ್ಟದ್ದು ಎಂದೇ ನಾವು ಹೇಳುತ್ತೇವೆ.

ಈ ಕಥೆಯನ್ನು ಇಂದು ಹೇಳುವವರು ಬಹುಮಟ್ಟಿಗೆ ಒಂದೇ ಕಡೆಯ ಕ್ರೌರ್ಯ ಹೇಳುತ್ತಾರೆ. ಸೆರೆಯೊಯ್ದದ್ದನ್ನು ಹೇಳುವವರು, ಆನಂದಪುರದ ಕೋಟೆಯಲ್ಲಿ ಮ್ಯಾಥ್ಯೂಸ್‌ನ ಪಡೆ ನಡೆಸಿದ ಕೊಲೆಯನ್ನು ಹೇಳುವುದಿಲ್ಲ. ಅದನ್ನು ಹೇಳುವವರು ಇದನ್ನು ಹೇಳುವುದಿಲ್ಲ. ಎರಡನ್ನೂ ಹೇಳದೆ ಈ ಕರಾವಳಿಯ ಚರಿತ್ರೆ ಪೂರ್ತಿಯಾಗದು.

ಬರೆದಿಡುವವರಿಲ್ಲದ ಆ ಹಳ್ಳಿಗಳ ಸುದ್ದಿ ಎಲ್ಲಾದರೂ ಸಿಕ್ಕೀತೆಂದು ಕೇಳುತ್ತೇವೆ: ಬೈಂದೂರು, ಕುಂದಾಪುರ, ಬ್ರಹ್ಮಾವರದ ಹಳೆಯ ಮನೆಗಳ ಅಟ್ಟದಲ್ಲಿ ಕಡತವೋ ಓಲೆಗರಿಯೋ ಇದ್ದರೆ ದಯವಿಟ್ಟು ಸುಡಬೇಡಿ, ಹೊಳೆಗೆ ಬಿಡಬೇಡಿ. ಓದಬಲ್ಲವರ ಕೈಗೆ ಒಮ್ಮೆ ಕೊಟ್ಟು ನೋಡಿ.