ಎಲ್ಲಿಗೂ ಹೋಗದ ಹಡಗು

ಪ್ರತಿವರ್ಷ ಡಿಸೆಂಬರ್ ಬಂತೆಂದರೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಹೊಣೆ ನನ್ನ ಕೊರಳಿಗೇ ಬೀಳುತ್ತದೆ. ಖಾನಾಪುರ ತಾಲೂಕಿನ ಹಳ್ಳಿಯ ಶಾಲೆ ನಮ್ಮದು. ಮೈಸೂರು, ಹಂಪಿಗಳೆಲ್ಲ ದೂರ, ಖರ್ಚೂ ಹೆಚ್ಚು. ಗೋವೆಯಾದರೆ ಚೋರ್ಲಾ ಘಾಟು ಇಳಿದರೆ ಆಯಿತು. 2023ರಲ್ಲಿ ಎಂಟನೆಯ ತರಗತಿಯ ಮೂವತ್ತೆಂಟು ಹುಡುಗಿಯರನ್ನು ಕರೆದುಕೊಂಡು ಪಣಜಿಗೆ ಹೋದೆ. ಹಳೆಯ ಗೋವೆಯ ಚರ್ಚುಗಳು, ಮಂಗೇಶಿ ದೇವಸ್ಥಾನ, ಸಂಜೆ ಮಾಂಡವಿ ನದಿಯ ದಂಡೆ, ಇಷ್ಟೇ ನಮ್ಮ ಕಾರ್ಯಕ್ರಮ.

ಮಾಂಡವಿಯನ್ನು ಅವರಿಗೆ ತೋರಿಸಲೇಬೇಕೆಂಬ ಹಟ ನನಗಿತ್ತು. ನಮ್ಮ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಅಲ್ಲಿ ಮಾಂಡವಿಯಾಗಿ ಸಮುದ್ರ ಸೇರುತ್ತಾಳೆ. ನಕಾಶೆಯಲ್ಲಿ ನೀಲಿ ಗೆರೆಯಾಗಿ ಕಂಡದ್ದನ್ನು ಮಕ್ಕಳು ಕಣ್ಣಾರೆ ನೋಡಲಿ ಎಂಬ ಆಸೆ. ಬಸ್ಸನ್ನು ಪಾಟ್ಟೊ ಕಡೆಗೆ ನಿಲ್ಲಿಸಿ ನಡೆದೇ ಹೊರಟೆವು. ‘ಕದಂಬ’ ಎಂದು ಬರೆದ ಸರಕಾರಿ ಬಸ್ಸುಗಳನ್ನು ಕಂಡು ಮಕ್ಕಳಿಗೆ ತವರಿನ ನಂಟರನ್ನು ಕಂಡಷ್ಟು ಖುಷಿ. ಆದರೆ ನದಿಯ ಪಕ್ಕದ ದಯಾನಂದ ಬಾಂದೋಡ್ಕರ್ ರಸ್ತೆಗೆ ಬಂದಾಗ ಆ ಖುಷಿ ಇಳಿಯಿತು. ಆಚೆ ಬದಿಯಲ್ಲಿ ನದಿ, ಈಚೆ ನಾವು, ನಡುವೆ ಕಾರುಗಳ ಸಾಲು. ಕಾಲುದಾರಿಯ ಮೇಲೂ ಗಾಡಿಗಳು ಹತ್ತಿ ನಿಂತಿದ್ದವು. ಹುಡುಗಿಯರನ್ನು ಜೋಡಿ ಜೋಡಿಯಾಗಿ ಕೈ ಹಿಡಿಸಿ, ಹೇಗೋ ಸಾಲು ದಾಟಿಸುವಷ್ಟರಲ್ಲಿ ಹಿಂದಕ್ಕೆ ಸರಿಯುತ್ತಿದ್ದ ಕಾರೊಂದು ನಮ್ಮ ಕಡೆಯ ಹುಡುಗಿಯ ಮೊಣಕಾಲಿಗೆ ತಾಗಿಯೇ ಬಿಟ್ಟಿತು. ತರಚಿದ ಗಾಯ ಅಷ್ಟೇ, ದೇವರು ದೊಡ್ಡವನು. ಚಾಲಕ ಗಾಜು ಇಳಿಸಿ, “ಸಾಲಿ ಮಕ್ಕಳನ್ನ ಈ ಹೊತ್ತಿನ್ಯಾಗ ಇಲ್ಲಿ ಯಾಕ ತಂದೀರಿ?” ಎಂದು ನನ್ನನ್ನೇ ಗದರಿಸಿದ. ಶುದ್ಧ ಬೆಳಗಾವಿ ಕನ್ನಡ! ಆಗ ತಿರುಗಿ ನೋಡಿದೆ. ಆ ಸಾಲಿನಲ್ಲಿ ‘ಕೆಎ’ ಎಂದು ಶುರುವಾಗುವ ಗಾಡಿಗಳೇ ಹತ್ತಾರು.

ಅವರೆಲ್ಲ ಹೊರಟಿದ್ದು ನದಿಯಲ್ಲಿ ದೀಪ ಉರಿಸಿಕೊಂಡು ನಿಂತಿದ್ದ ಕ್ಯಾಸಿನೊ ಹಡಗುಗಳಿಗೆ. ಗಾಯಕ್ಕೆ ಅರಿಸಿನ ಹಚ್ಚಿಸಿಕೊಂಡ ಹುಡುಗಿ ದಂಡೆಯಲ್ಲಿ ಕುಳಿತು ಕೇಳಿದಳು: “ಅಕ್ಕೋರ, ಆ ಹಡಗ ಎಲ್ಲಿಗೆ ಹೋಗ್ತಾವ್ರಿ?” “ಎಲ್ಲಿಗೂ ಹೋಗೂದಿಲ್ಲವ್ವ” ಎಂದೆ. “ಹಂಗಾರ ಹಡಗ ಯಾಕ್ರಿ?” ಎಂದಳು.

ಆ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿದೆ. ಗೋವೆಯ ಜೂಜು ನಿಷೇಧ ಕಾಯಿದೆ 1976ರದು. 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ ಬಾಗಿಲು ತೆರೆಯಿತು. 1996ರ ತಿದ್ದುಪಡಿ ಕಡಲಲ್ಲಿನ ಹಡಗಿನ ಮೇಲೆ ಮೇಜಿನ ಜೂಜಿಗೂ ಅವಕಾಶ ಕೊಟ್ಟಿತು. ಕಾಯಿದೆಯ ಕಡಲು ಎಲ್ಲಿದೆಯೆಂದು ಹುಡುಕಿದರೆ ಅದು ನಗರದ ನಡುಮಧ್ಯೆ, ದಂಡೆಯಿಂದ ಕೂಗಿದರೆ ಕೇಳಿಸುವ ದೂರದಲ್ಲಿದೆ! ಅಂದರೆ ಅದು ಹಡಗಿನ ವೇಷ ಹಾಕಿದ ಕಟ್ಟಡ. ನೆಲದ ಮೇಲೆ ಹೋಟೆಲೋ ಕಲ್ಯಾಣಮಂಟಪವೋ ಕಟ್ಟುವವನು ಗಾಡಿ ನಿಲ್ಲಿಸಲು ಜಾಗ ತೋರಿಸಬೇಕು, ರಸ್ತೆಯಿಂದ ಇಷ್ಟು ಬಿಟ್ಟು ಕಟ್ಟಬೇಕು. ನೀರಿನ ಮೇಲಿನ ಕಟ್ಟಡಕ್ಕೆ ಅಂಗಳವೇ ಇಲ್ಲ. ಅದರ ಅತಿಥಿಗಳು ದಂಡೆಯ ಜೆಟ್ಟಿಗೆ ಬಂದು ಸಣ್ಣ ದೋಣಿ ಹತ್ತಬೇಕು. ಅವರ ಗಾಡಿಗಳಿಗೆ ಇಡೀ ಊರೇ ಅಂಗಳ. ಲಾಭ ನೀರಿನ ಮೇಲೆ, ಭಾರ ನೆಲದ ಮೇಲೆ. ನನ್ನ ತಕರಾರು ಇರುವುದು ಇಲ್ಲಿ.

2011ರ ಜನಗಣತಿಯ ಪ್ರಕಾರ ಪಣಜಿ ನಗರದ ಜನಸಂಖ್ಯೆ ಸುಮಾರು 40 ಸಾವಿರ. ನಮ್ಮ ಒಂದು ದೊಡ್ಡ ತಾಲೂಕು ಕೇಂದ್ರದಷ್ಟು. ಕೆಂಪು ಹೆಂಚಿನ ಮನೆಗಳ ಓಣಿಗಳು ನಡೆಯುವವರಿಗಾಗಿ ಆದವು. ಅಂಥ ಊರಿನ ಒಂದೇ ದಂಡೆಗೆ ಆರು ಜೂಜಿನ ಹಡಗುಗಳ ಗಿರಾಕಿಗಳು ಬಂದು ಇಳಿದರೆ ಆ ರಸ್ತೆ ಏನಾಗಬೇಕು?

ನನ್ನ ಚಿಕ್ಕಪ್ಪನ ಮಗಳು ಮದುವೆಯಾಗಿ ಆ ಊರಿಗೆ ಹೋಗಿ ಇಪ್ಪತ್ತು ವರ್ಷವಾಯಿತು. ಮನೆ ಆಚೆ ದಂಡೆಯ ಬೆತಿಂನಲ್ಲಿ, ಕೆಲಸ ಪಣಜಿಯಲ್ಲಿ. ದಿನಾ ಫೆರಿಯಲ್ಲಿ ಹೋಗಿಬರುತ್ತಾಳೆ. ನಡೆದು ಹತ್ತುವವರಿಗೆ ಫೆರಿಯಲ್ಲಿ ಕಾಸಿಲ್ಲ. ಬಡವರ, ನೌಕರರ, ಮೀನು ಮಾರುವ ಹೆಂಗಸರ ದಾರಿ ಅದು. 1986ರ ಜುಲೈನಲ್ಲಿ ಮಾಂಡವಿ ಸೇತುವೆ ಕುಸಿದು ಬಿದ್ದಾಗ ಎರಡು ದಂಡೆಗಳ ಋಣಾನುಬಂಧ ಉಳಿಸಿದ್ದೂ ಫೆರಿಯೇ. ಅವಳು ಆ ಸಂಜೆ ನನಗೆ ಹೇಳಿದ್ದು ಒಂದೇ ಮಾತು: “ಅಕ್ಕಾ, ನದಿ ದಾಟೂದು ಐದು ನಿಮಿಷ, ರಸ್ತೆ ದಾಟೂದು ಹತ್ತು ನಿಮಿಷ.”

ಇದಕ್ಕೆ ದೊಡ್ಡವರು ಹೇಳುವ ಪರಿಹಾರ ಗೊತ್ತೇ ಇದೆ: ಅಭಿವೃದ್ಧಿ. 2019ರಲ್ಲಿ ಮೂರನೆಯ ಸೇತುವೆಯಾಯಿತು, ಅಟಲ್ ಸೇತು. ನೋಡಲು ಸುಂದರ, ಸುಳ್ಳು ಹೇಳಬಾರದು. ಆದರೆ ತೆರೆದಾಗ ಅದರ ಮೇಲೆ ಸ್ಕೂಟರಿಗೂ ರಿಕ್ಷಾಕ್ಕೂ ಪ್ರವೇಶವಿರಲಿಲ್ಲ. ಕಾರಿದ್ದವರಿಗೆ ಮಾತ್ರ ಆಕಾಶಮಾರ್ಗ. 2016ರಲ್ಲಿ ಪಣಜಿ ‘ಸ್ಮಾರ್ಟ್ ಸಿಟಿ’ ಪಟ್ಟಿಗೆ ಸೇರಿತು. ಆಮೇಲೆ ರಸ್ತೆಗಳನ್ನು ಅಗೆದದ್ದೇ ಅಗೆದದ್ದು, ನಮ್ಮ ಪ್ರವಾಸದ ಹೊತ್ತಿಗೂ ಅದು ಮುಗಿದಿರಲಿಲ್ಲ. ಕೆಂಪು ಧೂಳಿನಲ್ಲಿ ಮೂಗು ಮುಚ್ಚಿಕೊಂಡು ನಡೆದೆವು. ಊರನ್ನು ಹೊಸದಾಗಿ ಕಟ್ಟುವುದು ತಪ್ಪಲ್ಲ. ಯಾರಿಗಾಗಿ ಎಂದು ಕೇಳಬೇಕು. ರಾತ್ರಿ ಎಂಟಾದ ಮೇಲೆ ಒಳಊರಿಗೆ ಬಸ್ಸು ಸಿಗುವುದು ಕಷ್ಟ ಎಂದು ನನ್ನ ತಂಗಿ ಹೇಳುತ್ತಾಳೆ. ಜೂಜಿನ ಹಡಗಿಗೆ ಮಾತ್ರ ರಾತ್ರಿಯಿಡೀ ದೋಣಿ ಉಂಟು.

ಅತ್ತ ಕಡೆಯ ವಾದವನ್ನೂ ಹೇಳಬೇಕು, ಇಲ್ಲದಿದ್ದರೆ ಮೇಷ್ಟ್ರಗಿರಿಗೆ ಮೋಸ. ಸರಕಾರಕ್ಕೆ ಕೋಟಿಗಟ್ಟಲೆ ಪರವಾನಗಿ ಶುಲ್ಕ ಬರುತ್ತದೆ. ಸಾವಿರಾರು ಹುಡುಗ ಹುಡುಗಿಯರಿಗೆ ನೌಕರಿಯಿದೆ. ಪಣಜಿಯ ದಟ್ಟಣೆಗೆ ಕ್ಯಾಸಿನೊ ಒಂದೇ ಕಾರಣವಲ್ಲ, ಕಡಲು ನೋಡಲು ಬರುವವರೂ ಇದ್ದಾರೆ. ಎಲ್ಲ ಒಪ್ಪಿದೆ. ಆದರೆ ಆ ನೌಕರರೇ ನಸುಕಿನಲ್ಲಿ ಪಾಳಿ ಮುಗಿಸಿ ಮನೆಗೆ ಹೋಗುವುದು ಹೇಗೆಂದು ಈ ವಾದ ಮಾಡುವವರು ಯೋಚಿಸಿದ್ದಾರೆಯೆ? ಇನ್ನೊಂದು ಮಾತು. 2020ರ ಫೆಬ್ರವರಿಯಿಂದ ಗೋವೆಯ ನಿವಾಸಿಗಳು ಕ್ಯಾಸಿನೊ ಒಳಗೆ ಆಡಲು ಹೋಗಬಾರದೆಂದು ಅಲ್ಲಿನ ಸರಕಾರವೇ ನಿಷೇಧಿಸಿತು. ತನ್ನ ಮನೆಯ ಮಕ್ಕಳಿಗೆ ಆಗದ ಊಟವನ್ನು ನೆರೆಮನೆಯ ಮಕ್ಕಳಿಗೆ ಬಡಿಸುವುದು ಯಾವ ಅತಿಥಿ ಸತ್ಕಾರ? ಹಡಗುಗಳನ್ನು ನದಿಯಿಂದ ತೆಗೆಸುತ್ತೇವೆಂಬ ಭರವಸೆಯೂ ಹಳೆಯದು. ಚುನಾವಣೆಯ ಮುಂಚೆ ಅದು ಭರವಸೆ. ಆಮೇಲೆ ಆರು ತಿಂಗಳು, ಮತ್ತೆ ಆರು ತಿಂಗಳು ಎಂದು ಗಡುವು ಮುಂದಕ್ಕೆ ಹೋಗುತ್ತಲೇ ಬಂದಿದೆ.

ನೆರೆಮನೆಯ ಮಕ್ಕಳೆಂದರೆ ನಾವೇ. ನನ್ನ ಕೈಯಲ್ಲಿ ಕಲಿತ ಹುಡುಗನೊಬ್ಬ ಶುಕ್ರವಾರ ಸಂಜೆಯಾದರೆ ಗೆಳೆಯರೊಂದಿಗೆ ಘಾಟು ಇಳಿಯುತ್ತಿದ್ದ. ಎರಡು ವರ್ಷದಲ್ಲಿ ಎರಡು ಎಕರೆ ಹೋಯಿತು. ಅವನ ಹೆಂಡತಿ ಮಗಳ ಫೀಸಿಗೆಂದು ನನ್ನ ಬಾಗಿಲಿಗೆ ಬಂದು ನಿಂತಾಗ ನನಗೆ ತಲೆ ಎತ್ತಲಾಗಲಿಲ್ಲ. ನಾನು ಅವನಿಗೆ ಮಹಾಭಾರತ ಕಲಿಸಿದ್ದೆನಲ್ಲ! ಜೂಜಿನ ಪ್ರಸಂಗವನ್ನು ಪಾಠ ಮಾಡುವಾಗ ನಾವೆಲ್ಲ ಶಕುನಿಯ ದಾಳಗಳನ್ನೇ ಹೇಳುತ್ತೇವೆ. ಅದಕ್ಕೂ ಮೊದಲು ಧೃತರಾಷ್ಟ್ರ ಒಂದು ಹೊಸ ಸಭಾಭವನ ಕಟ್ಟಿಸಿದ್ದನ್ನು ಮರೆಯುತ್ತೇವೆ. ವಿದುರನ ಕೈಯಲ್ಲಿ ಹೋದ ಕರೆ, “ಹೊಸ ಸಭೆಯನ್ನು ನೋಡಬನ್ನಿ” ಎಂದೇ. ಮೊದಲು ಕಟ್ಟಡ, ಆಮೇಲೆ ಆಮಂತ್ರಣ, ಕೊನೆಗೆ ದಾಳ. ಈಗಲೂ ಕ್ರಮ ಅದೇ.

2020ರಲ್ಲಿ ನಮ್ಮ ರಾಜ್ಯದ ಅಂದಿನ ಪ್ರವಾಸೋದ್ಯಮ ಸಚಿವರೂ ಕ್ಯಾಸಿನೊ ಮಾತೆತ್ತಿದ್ದರು. ಟೀಕೆ ಬಂದೊಡನೆ ಮಾತು ಬದಲಾಯಿತು. 2007ರಲ್ಲಿ ಲಾಟರಿಯನ್ನು ನಿಲ್ಲಿಸಿದ ರಾಜ್ಯ ನಮ್ಮದು. ಆದರೆ ಇಂಥ ಮಾತುಗಳು ಸಾಯುವುದಿಲ್ಲ, ಮಳೆಗಾಲದ ಕಳೆಯಂತೆ ಮತ್ತೆ ಏಳುತ್ತವೆ. ಎದ್ದಾಗ ನಾವು ಕೇಳಬೇಕಾದ ಪ್ರಶ್ನೆ ನೀತಿಯದು ಮಾತ್ರವಲ್ಲ. ಗಾಡಿ ಎಲ್ಲಿ ನಿಲ್ಲುತ್ತದೆ? ಬಸ್ಸು ಎಷ್ಟು ಹೊತ್ತಿನವರೆಗೆ ಇರುತ್ತದೆ? ಆ ರಸ್ತೆಯನ್ನು ಶಾಲೆಯ ಮಗು ದಾಟಬಲ್ಲದೆ? ಇದಕ್ಕೆ ನೇರ ಉತ್ತರ ಕೊಡಲಾರದವನಿಗೆ ಊರಿನ ಒಂದು ಅಂಗುಲವನ್ನೂ ಕೊಡಬಾರದು. ಪಣಜಿಯ ಹಡಗುಗಳೂ ಅಷ್ಟೇ. ಅವು ನಿಜವಾಗಿ ಹಡಗುಗಳಾಗಿದ್ದರೆ ಕಡಲಿಗೆ ಹೋಗಲಿ. ಕಟ್ಟಡಗಳಾಗಿದ್ದರೆ ಕಟ್ಟಡಕ್ಕಿರುವ ಎಲ್ಲ ನಿಯಮಗಳಿಗೂ ತಲೆಬಾಗಲಿ, ತಮ್ಮ ಗಾಡಿಗಳನ್ನು ಊರ ಹೊರಗೆ ನಿಲ್ಲಿಸಿ, ತಮ್ಮ ಖರ್ಚಿನಲ್ಲೇ ಬಸ್ಸು ಓಡಿಸಲಿ.

ಹಳೆಯ ಸಚಿವಾಲಯದ ಪಕ್ಕದಲ್ಲಿ ಅಬೆ ಫರಿಯಾನ ಪ್ರತಿಮೆಯಿದೆ. ಸಮ್ಮೋಹನ ವಿದ್ಯೆ ಬಲ್ಲ ಪಾದ್ರಿ, ಎದುರಿಗೆ ಮೈಮರೆತು ಬೀಳುತ್ತಿರುವ ಹೆಂಗಸು. ಆ ಸಚಿವಾಲಯ ಮೂಲದಲ್ಲಿ ನಮ್ಮ ವಿಜಾಪುರದ ಆದಿಲಶಾಹನ ಅರಮನೆ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ನದಿಯ ದೀಪಗಳ ಮೇಲೆ. ನಾನು ಗದರಲಿಲ್ಲ. ಮತ್ತೆ ಜೋಡಿ ಜೋಡಿಯಾಗಿ ಕೈ ಹಿಡಿಸಿ, ಕುಂಟುತ್ತಿದ್ದವಳನ್ನು ನನ್ನ ಪಕ್ಕಕ್ಕೆ ಕರೆದುಕೊಂಡು, ರಸ್ತೆ ದಾಟಲು ನಿಂತೆ. ಆ ಸಲ ಹನ್ನೆರಡು ನಿಮಿಷ ಹಿಡಿಯಿತು.