ಮೊದಲು ನೀರು ನಿಲ್ಲಿಸಿ

ತೋಟದ ಸ್ಪ್ರಿಂಕ್ಲರ್ ಪೈಪು ಕಳಚುವ ಮೊದಲು ಪಂಪು ನಿಲ್ಲಿಸಬೇಕೆಂದು ನಮ್ಮ ಬೆಳೆಗಾರರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಮನೆಯ ನಲ್ಲಿ ಸೋರಿದಾಗ ಈ ವಿವೇಕ ನಮ್ಮನ್ನು ಬಿಟ್ಟುಹೋಗುತ್ತದೆ. 'ಒಂದು ವಾಷರು ತಾನೇ' ಎಂದು ಸ್ಪ್ಯಾನರು ಹಿಡಿದು ಕೂತುಬಿಡುತ್ತೇವೆ.

ಕಳೆದ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ಆದದ್ದೂ ಇದೇ. ಬಚ್ಚಲಿನ ನಲ್ಲಿಯನ್ನು ತಿರುಗಿಸಿದೊಡನೆ ಹಳೆಯ ಜಿ.ಐ. ಪೈಪು ಗೋಡೆಯ ಒಳಗೇ ತುಂಡಾಯಿತು. ಓಡಿಹೋಗಿ ನೋಡಿದರೆ, ವರ್ಷಗಟ್ಟಲೆ ಮುಟ್ಟದಿದ್ದ ಟ್ಯಾಂಕಿನ ವಾಲ್ವು ಅಲುಗಲೊಲ್ಲದು. ನೋಡುತ್ತಿದ್ದಂತೆಯೇ ಸಾವಿರ ಲೀಟರ್ ನೀರು ಚರಂಡಿ ಸೇರಿತು. ಬಾವಿಯ ತಳ ಕಾಣುತ್ತಿದ್ದ ದಿನಗಳವು, ಕರೆಂಟೂ ಇರಲಿಲ್ಲ. ಅಂದು ಮನೆಮಂದಿಗೂ ಕೊಟ್ಟಿಗೆಯ ದನಗಳಿಗೂ ನೆರೆಮನೆಯಿಂದ ಕೊಡದಲ್ಲಿ ನೀರು ಹೊತ್ತದ್ದಾಯಿತು.

ಗುಡ್ಡದ ಒರತೆಯಿಂದ ನೇರವಾಗಿ ನೀರು ಇಳಿಸಿಕೊಂಡ ಮನೆಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಬೀಳುತ್ತದೆ. ಒರತೆ 30 ಮೀಟರ್ ಮೇಲಿದ್ದರೆ ನಲ್ಲಿಯ ಹಿಂದೆ 3 ಕಿಲೋ ಒತ್ತಡ ಕಾದಿರುತ್ತದೆ. ಅದನ್ನು ನಿಲ್ಲಿಸಲು ಸ್ವಿಚ್ಚಿಲ್ಲ, ವಾಲ್ವೇ ಗತಿ.

ಕೆಲಸದ ಕ್ರಮ ಕಷ್ಟದ್ದೇನಲ್ಲ. ಮೊದಲು ಪಂಪು ಮತ್ತು ಗೀಸರಿನ ಕರೆಂಟು ತೆಗೆಯಬೇಕು. ಬಳಿಕ ಟ್ಯಾಂಕಿನಿಂದ ಹೊರಡುವ ಪೈಪಿನ ವಾಲ್ವು ಮುಚ್ಚಿ, ಮನೆಯ ಅತಿ ತಗ್ಗಿನ ನಲ್ಲಿ ತೆರೆದು, ಪೈಪಿನಲ್ಲಿ ಉಳಿದ ನೀರನ್ನು ಬಕೆಟ್ಟಿಗೆ ಹಿಡಿಯಬೇಕು. ಧಾರೆ ಪೂರ್ತಿ ನಿಂತರೆ ವಾಲ್ವು ಸರಿಯಾಗಿ ಮುಚ್ಚಿದೆ ಎಂದು ತಿಳಿಯಬಹುದು. ಪಿ.ವಿ.ಸಿ. ಪೈಪು ಒದ್ದೆಯಿದ್ದರೆ ಅಂಟು ಸರಿಯಾಗಿ ಹಿಡಿಯದು. ಆದ್ದರಿಂದಲೂ ನೀರು ಬಸಿಯುವುದು ಅಗತ್ಯ. ಸೋಲಾರ್ ಇರುವ ಮನೆಯಲ್ಲಿ ಬಿಸಿನೀರಿನ ಪೈಪನ್ನೂ ಮುಚ್ಚದೆ ಕೈಹಾಕಿದರೆ ಮೈ ಸುಟ್ಟೀತು. ಕೆಲಸ ಮುಗಿದ ಮೇಲೆ ವಾಲ್ವನ್ನು ನಿಧಾನವಾಗಿ ತೆರೆದು, ನಲ್ಲಿಯಿಂದ ಗಾಳಿ ಹೊರಹೋಗಲು ಬಿಡಬೇಕು.

ಅಡುಗೆಮನೆ, ಬಚ್ಚಲು, ಕೊಟ್ಟಿಗೆ ಇವಕ್ಕೆ ಒಂದೊಂದು ಪ್ರತ್ಯೇಕ ವಾಲ್ವು ಇರಬೇಕೆಂಬುದು ನಮ್ಮ ಅಭಿಪ್ರಾಯ. ಇದು ದಂಡದ ಖರ್ಚೆನ್ನುವವರುಂಟು. ಆದರೆ ಬಚ್ಚಲಿನ ನಲ್ಲಿ ಕೆಟ್ಟಿತೆಂದು ಅಡುಗೆಯೂ ನಿಂತ ದಿನ ಆ ಮಾತು ಹೇಳುವವರು ಸಿಗಲಾರರು. ವಾಲ್ವು ಹಾಕಿಸಿದರಷ್ಟೇ ಸಾಲದು. ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯುತ್ತಿದ್ದರೆ ಹಿಡಿದು ಕೂರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ನಮ್ಮ ಎಷ್ಟೋ ಮನೆಗಳಲ್ಲಿ ವಾಲ್ವು ಎಲ್ಲಿದೆಯೆಂದು ಬಲ್ಲವರು ಯಜಮಾನರು ಒಬ್ಬರೇ. ಅವರು ತೋಟದಲ್ಲೋ ಸಂಘದ ಡಿಪೋದಲ್ಲೋ ಇರುವಾಗ ಪೈಪು ಒಡೆದರೆ ಮನೆಯವರು ಏನು ಮಾಡಬೇಕು? ಈ ಭಾನುವಾರ ಮನೆಯ ಹೆಂಗಸರನ್ನೂ ಮಕ್ಕಳನ್ನೂ ಕರೆದೊಯ್ದು ವಾಲ್ವು ತೋರಿಸಿ, ಅವರ ಕೈಯಿಂದಲೇ ಒಮ್ಮೆ ಮುಚ್ಚಿಸಿ ನೋಡಬೇಕೆಂದು ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ.